ಇಪ್ಪತ್ತೊಂಬತ್ತರ ರಾತ್ರಿಯ ಊಟ: ಬೈಲಕುಪ್ಪೆಯ ಲೋಸರ್

ಒಂದು ಜನಾಂಗವನ್ನು ಅರಿಯಬೇಕಾದರೆ ಅದರ ಧರ್ಮಗ್ರಂಥಗಳನ್ನು ಓದಬೇಕೆಂದು ಪಂಡಿತರು ಹೇಳುತ್ತಾರೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಷ್ಟು ವ್ಯವಧಾನವಾಗಲಿ, ಆ ಭಾಷೆಯ ಪರಿಚಯವಾಗಲಿ ಇಲ್ಲದವರಿಗೆ ಇನ್ನೊಂದು ದಾರಿಯುಂಟು. ಹಬ್ಬದ ದಿನ ಅವರ ಅಡುಗೆಮನೆಯ ಹೊಸಿಲಿನ ಬಳಿ ಸ್ವಲ್ಪ ಹೊತ್ತು ಕುಳಿತರೆ ಸಾಕು. ಒಲೆಯ ಮೇಲೆ ಏನು ಬೇಯುತ್ತಿದೆ, ಮೊದಲ ತುತ್ತು ಯಾರ ಪಾಲಿಗೆ ಹೋಗುತ್ತದೆ, ಯಾವುದನ್ನು ತಿನ್ನದೆ ಉಳಿಸುತ್ತಾರೆ, ಉಳಿಸಿದ್ದನ್ನು ಎಲ್ಲಿಗೆ ಒಯ್ದು ಚೆಲ್ಲುತ್ತಾರೆ ಎಂಬುದನ್ನು ನೋಡುತ್ತಿದ್ದರೆ, ಗ್ರಂಥದಲ್ಲಿ ಸೂತ್ರರೂಪವಾಗಿ ಅಡಗಿದ್ದುದು ಅಲ್ಲಿ ಹಿಟ್ಟು, ಸೌಟು, ಬಟ್ಟಲುಗಳ ನಡುವೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಟಿಬೆಟಿನ ಬೌದ್ಧರ ವಿಷಯದಲ್ಲಿ ನನಗೆ ದೊರೆತದ್ದು ಈ ಎರಡನೆಯ ದಾರಿ. ಕೊಡಗಿನ ಕುಶಾಲನಗರದಿಂದ ಕಾವೇರಿಯ ಸೇತುವೆ ದಾಟಿ ಕೆಲವೇ ಮೈಲಿ ಬಂದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. ಆ ಸೀಮೆಯಲ್ಲಿ ಬಹಳ ವರ್ಷ ಉಪಾಧ್ಯಾಯನಾಗಿದ್ದ ನನ್ನ ಬಳಿ ಟಿಬೆಟಿನ ಮಕ್ಕಳೂ ಕೆಲವರು ಓದಿದರು. ಅವರಲ್ಲೊಬ್ಬ ಹುಡುಗ ಒಂದು ವರ್ಷ ಫೆಬ್ರವರಿಯಲ್ಲಿ ಬಂದು, "ಮೇಷ್ಟ್ರೇ, ನಾಳೆ ರಾತ್ರಿ ನಮ್ಮ ಮನೆಗೆ ಬರಬೇಕು, ಅಮ್ಮ ಹೇಳಿದ್ದಾರೆ" ಎಂದು ಕರೆದ. ಅಂದಿನಿಂದ ಆ ಮನೆಗೂ ನನಗೂ ಬಳಕೆಯಾಯಿತು. ಅವನ ತಾಯಿಯನ್ನು ನಾನೂ ಅವರಂತೆಯೇ 'ಆಮಾ-ಲಾ' ಎಂದು ಕರೆಯುತ್ತೇನೆ. ಆಕೆ ನನ್ನನ್ನು 'ಗೆನ್-ಲಾ' ಎನ್ನುತ್ತಾರೆ. ಗೆನ್ ಎಂದರೆ ಗುರು. ಹೆಸರಿನ ಕೊನೆಯ 'ಲಾ' ನಮ್ಮ 'ಅವರು' ಇದ್ದಂತೆ, ಗೌರವಸೂಚಕ. ಹುಡುಗ ದೊಡ್ಡವನಾಗಿ ಕೆನಡಾ ದೇಶಕ್ಕೆ ಹೋದ ಮೇಲೂ ಆ ಮನೆಯ ಕರೆ ನಿಲ್ಲಲಿಲ್ಲ.

ಈ ಊಟ ಅವರ ಹೊಸ ವರ್ಷದ ಹಬ್ಬವಾದ ಲೋಸರ್‌ಗೆ ಎರಡು ದಿನ ಮುಂಚಿನದು. 'ಲೋ' ಎಂದರೆ ವರ್ಷ, 'ಸರ್' ಎಂದರೆ ಹೊಸದು. ಹಬ್ಬದ ದಿನದ ಸಂಭ್ರಮಕ್ಕಿಂತಲೂ ಹಬ್ಬಕ್ಕೆ ಮುಂಚಿನ ಈ ರಾತ್ರಿಯ ಊಟವೇ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿರುವುದಕ್ಕೆ ಕಾರಣವುಂಟು. ಅದನ್ನು ಹೇಳುವ ಮೊದಲು ಆ ಜನ ಇಲ್ಲಿಗೆ ಬಂದ ಬಗೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡಬೇಕು.

ಗುಡಾರಗಳಲ್ಲಿ ಬಂದವರು

೧೯೫೯ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಲ್ಹಾಸಾ ನಗರವನ್ನು ಬಿಟ್ಟು ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಹತ್ತಾರು ಸಾವಿರ ಜನ ಬಂದರು. ತಣ್ಣನೆಯ ಎತ್ತರದ ಬಯಲಿನಲ್ಲಿ ಹುಟ್ಟಿ ಬೆಳೆದ ಆ ಜನ ಮೊದಲು ಉತ್ತರದ ಬೆಟ್ಟಗಳಲ್ಲಿ ರಸ್ತೆ ಕಡಿಯುವ ಕೂಲಿ ಮಾಡಿದರು. ಹಲವರು ರೋಗರುಜಿನಗಳಿಗೆ ತುತ್ತಾದರು. ಅವರಿಗೆ ನೆಲೆ ಕೊಡಬೇಕೆಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಅಂದಿನ ಮೈಸೂರು ರಾಜ್ಯ ಮುಂದೆ ಬಂದು ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಅರಣ್ಯಭೂಮಿಯನ್ನು ಕೊಟ್ಟಿತು. ೧೯೬೧ರಲ್ಲಿ ಅಲ್ಲಿ ಲುಗ್ಸುಂಗ್ ಸಮ್ದುಪ್‌ಲಿಂಗ್ ಎಂಬ ವಸತಿ ಆರಂಭವಾಯಿತು. ೧೯೬೯ರಲ್ಲಿ ಪಕ್ಕದಲ್ಲಿಯೇ ಇನ್ನೊಂದು. ೧೯೬೬ರಲ್ಲಿ ಮುಂಡಗೋಡು, ೧೯೭೨ರಲ್ಲಿ ಹುಣಸೂರು, ೧೯೭೪ರಲ್ಲಿ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಹೀಗೆ ಕನ್ನಡ ನಾಡಿನಲ್ಲಿ ಅವರ ಐದು ವಸತಿಗಳಾದವು. ಅಶೋಕನ ಶಾಸನಗಳ ಕಾಲಕ್ಕೇ ಈ ನೆಲಕ್ಕೆ ಬಂದು, ಆಮೇಲೆ ಮರೆಯಾಗಿಹೋಗಿದ್ದ ಬುದ್ಧವಚನ, ಎರಡು ಸಾವಿರ ವರ್ಷಗಳ ತರುವಾಯ ಗುಡಾರಗಳಲ್ಲಿ ಮತ್ತೆ ಬಂದಿತು.

ಆಮಾ-ಲಾ ಬಂದಾಗ ಹತ್ತು ಹನ್ನೆರಡು ವಯಸ್ಸಿನ ಹುಡುಗಿ. ಕಾಡು ಕಡಿದು ಸುಟ್ಟ ಹೊಗೆ, ಬಿದಿರಿನ ಗುಡಿಸಲು, ರಾತ್ರಿ ಆನೆಗಳನ್ನು ಓಡಿಸಲು ಬಾರಿಸುತ್ತಿದ್ದ ತಗಡಿನ ಡಬ್ಬ, ಇವು ಆಕೆಯ ಮೊದಲ ನೆನಪುಗಳು. ಸುತ್ತಲಿನ ಹಳ್ಳಿಯವರು ಇಂದಿಗೂ ಅವರನ್ನು 'ಲಾಮಾಗಳು' ಎಂದೂ, ಅವರ ಹಳ್ಳಿಗಳನ್ನು ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದೂ ಕರೆಯುತ್ತಾರೆ. ಕ್ಯಾಂಪು ಎಂದರೆ ನಾಳೆ ಕಿತ್ತುಕೊಂಡು ಹೊರಡುವ ಬಿಡಾರ. ಬಿಡಾರ ಅರವತ್ತು ವರ್ಷ ದಾಟಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು. ಮುಸುಕಿನ ಜೋಳ ಬೆಳೆಯುವುದು, ಸುಗ್ಗಿ ಮುಗಿದ ಮೇಲೆ ದೂರದ ಊರುಗಳಿಗೆ ಹೋಗಿ ಚಳಿಗಾಲವೆಲ್ಲಾ ಉಣ್ಣೆಯ ಸ್ವೆಟರು ಮಾರುವುದು, ಇದು ಬಹು ಕುಟುಂಬಗಳ ಜೀವನೋಪಾಯವಾಯಿತು. ಸ್ವೆಟರು ಮಾರಲು ಹೋದವರು ತಪ್ಪದೆ ಹಿಂದಿರುಗುತ್ತಿದ್ದುದು ಲೋಸರ್ ಹೊತ್ತಿಗೆ. ನಮ್ಮಲ್ಲಿ ಘಟ್ಟದ ಕೆಳಗೆ ದುಡಿಯಲು ಹೋದವರು ಯುಗಾದಿಗೆ ಊರು ಸೇರುವ ಹಾಗೆ.

ಎರಡು ಪಂಚಾಂಗಗಳು

ಲೋಸರ್ ಯಾವಾಗ ಬರುತ್ತದೆಂಬ ಲೆಕ್ಕ ನಮಗೆ ಅಪರಿಚಿತವಲ್ಲ. ಅವರ ತಿಂಗಳೂ ನಮ್ಮ ಚಾಂದ್ರಮಾನದ ತಿಂಗಳಂತೆ ಅಮಾವಾಸ್ಯೆಗೆ ಮುಗಿಯುತ್ತದೆ. ಅವರಿಗೂ ಅರವತ್ತು ವರ್ಷಗಳ ಚಕ್ರವುಂಟು. ಅದನ್ನು 'ರಬ್‌ಜುಂಗ್' ಎನ್ನುತ್ತಾರೆ. ಅದು ನಮ್ಮ 'ಪ್ರಭವ' ಎಂಬ ಸಂವತ್ಸರನಾಮದ ಭಾಷಾಂತರ. ಕಾಲಚಕ್ರತಂತ್ರವೆಂಬ ಸಂಸ್ಕೃತ ಗ್ರಂಥದೊಡನೆ ಈ ಗಣನೆ ಟಿಬೆಟಿಗೆ ಹೋಯಿತು. ಅವರು ಎಣಿಕೆ ತೊಡಗುವುದು ಕ್ರಿ.ಶ. ೧೦೨೭ರಿಂದ. ಅವರ ಹದಿನೇಳನೆಯ ಚಕ್ರ ಆರಂಭವಾದದ್ದು ೧೯೮೭ರಲ್ಲಿ. ನಮ್ಮ ಪ್ರಭವ ಸಂವತ್ಸರ ಬಂದದ್ದೂ ಅದೇ ವರ್ಷದ ಯುಗಾದಿಯಂದು. ಸಾವಿರ ವರ್ಷ ಹಿಮಾಲಯದ ಆಚೆ ಬದಿಯಲ್ಲಿ ಬಾಳಿದ ಮೇಲೂ ಲೆಕ್ಕ ತಪ್ಪಲಿಲ್ಲ.

ವರ್ಷದ ಕೊನೆಯ ತಿಂಗಳ ಇಪ್ಪತ್ತೊಂಬತ್ತನೆಯ ದಿನವೇ ನಾನು ಹೇಳಹೊರಟ ಊಟದ ದಿನ. ಅಮಾವಾಸ್ಯೆಗೆ ಮುಂಚಿನ ರಾತ್ರಿ, ಎಂದರೆ ಕೃಷ್ಣಪಕ್ಷದ ಚತುರ್ದಶಿಯ ಆಸುಪಾಸು. ಎರಡು ಪಂಚಾಂಗಗಳ ಅಧಿಕಮಾಸ ಬೇರೆಬೇರೆಯಾದ ವರ್ಷ ಹಬ್ಬಗಳು ಒಂದು ತಿಂಗಳು ದೂರ ಸರಿಯುತ್ತವೆ. ೨೦೨೪ರಲ್ಲಿ ಹಾಗಾಯಿತು: ಲೋಸರ್ ಫೆಬ್ರವರಿ ೧೦ಕ್ಕೆ ಬಂದಿತು, ನಮ್ಮ ಶಿವರಾತ್ರಿ ಮಾರ್ಚ್ ೮ಕ್ಕೆ. ಲೆಕ್ಕ ಕೂಡಿದ ವರ್ಷಗಳಲ್ಲಿ ಮಾತ್ರ ಅವರ ಇಪ್ಪತ್ತೊಂಬತ್ತರ ರಾತ್ರಿ ನಮ್ಮ ಶಿವರಾತ್ರಿಯೇ ಆಗಿಬಿಡುತ್ತದೆ. ೨೦೨೫ರಲ್ಲಿ ಲೋಸರ್ ಫೆಬ್ರವರಿ ೨೮. ಶಿವರಾತ್ರಿ ಫೆಬ್ರವರಿ ೨೬. ಅಂದು ನದಿಯ ಒಂದು ದಡದಲ್ಲಿ ಉಪವಾಸ, ಜಾಗರಣೆ. ಇನ್ನೊಂದು ದಡದಲ್ಲಿ ಒಬ್ಬೊಬ್ಬನೂ ಒಂಬತ್ತು ಬಟ್ಟಲು ಉಣ್ಣಬೇಕೆಂಬ ನಿಯಮ.

ಗುತುಕ್

ಈ ಊಟಕ್ಕೆ 'ಗುತುಕ್' ಎಂದು ಹೆಸರು. 'ಗು' ಎಂದರೆ ಒಂಬತ್ತು. 'ತುಕ್' ಎಂಬುದು 'ತುಕ್ಪಾ' ಎಂಬ ಅವರ ನಿತ್ಯದ ಸಾರಿನ ಸಂಕ್ಷೇಪ. ಒಂಬತ್ತು ಪದಾರ್ಥಗಳಿಗೆ ಕಡಿಮೆಯಿಲ್ಲದಂತೆ ಹಾಕಿ ಮಾಡುವ ಸಾರು ಇದು.

ಬೆಳಗಿನಿಂದ ಮನೆ ಗುಡಿಸಿ ತೊಳೆದಾಗಿರುತ್ತದೆ. ಅಡುಗೆಮನೆಯನ್ನು ವಿಶೇಷವಾಗಿ ಶುದ್ಧಮಾಡುತ್ತಾರೆ. ಮಸಿಹಿಡಿದ ಗೋಡೆ ಒರೆಸಿ, ಬಿಳಿಯ ಹಿಟ್ಟಿನಿಂದ ಅದರ ಮೇಲೆ ಚುಕ್ಕಿಗಳನ್ನಿಟ್ಟು ಶುಭಚಿಹ್ನೆಗಳನ್ನು ಬರೆಯುತ್ತಾರೆ. ಸಂಜೆಯ ಹೊತ್ತಿಗೆ ದೊಡ್ಡ ಪಾತ್ರೆಯಲ್ಲಿ ನೀರು ಮಳ್ಳುತ್ತದೆ. ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ, ಒಣಬಟಾಣಿ, ಸೊಪ್ಪು, ಮಾಂಸದ ಚೂರುಗಳು, 'ಛುರಾ' ಎಂಬ ಒಣಗಿದ ಗಿಣ್ಣು ಒಂದೊಂದಾಗಿ ಬೀಳುತ್ತವೆ. ಕೊನೆಗೆ ಗೋಧಿಹಿಟ್ಟು. ಅದನ್ನು ನಾದಿ, ಬೆರಳಿನಷ್ಟು ದಪ್ಪ ಎಳೆಮಾಡಿ, ಚಿಕ್ಕಚಿಕ್ಕ ತುಂಡು ಕಿತ್ತು, ಹೆಬ್ಬೆರಳಿನಿಂದ ಒತ್ತಿ ಜಾರಿಸಿದರೆ ಶಂಖದ ಮರಿಯಂಥ ಸುರುಳಿಯಾಗುತ್ತದೆ. ಇಡೀ ಮನೆ ಕುಳಿತು ಇದನ್ನು ಮಾಡಬೇಕು. ನಮ್ಮಲ್ಲಿ ಹೆಂಗಸರು ಮಣೆಯ ಸುತ್ತ ಕುಳಿತು ಶಾವಿಗೆ ಹೊಸೆಯುತ್ತಿದ್ದ ದಿನಗಳನ್ನು ಕಂಡವರಿಗೆ ಈ ದೃಶ್ಯ ಹೊಸದೆನಿಸದು. ಕೈ ಕೆಲಸದಲ್ಲಿರುತ್ತದೆ, ಬಾಯಿ ಊರಿನ ಸುದ್ದಿಯಲ್ಲಿರುತ್ತದೆ. ಮಾಂಸ ತಿನ್ನದ ನನಗಾಗಿ ಆಮಾ-ಲಾ ಪ್ರತಿವರ್ಷವೂ ಒಂದು ಸಣ್ಣ ಪಾತ್ರೆಯನ್ನು ಬೇರೆ ಇಡುತ್ತಿದ್ದರು. ಗಿಣ್ಣಿನ ಹುಳಿಯೂ ಮೂಲಂಗಿಯ ಘಾಟೂ ಬೆರೆತ ಆ ಸಾರು ಮೊದಲ ಬಟ್ಟಲಿಗೆ ವಿಚಿತ್ರವೆನಿಸಿತು, ಮೂರನೆಯದಕ್ಕೆ ಅಭ್ಯಾಸವಾಯಿತು. ಒಂಬತ್ತು ಬಟ್ಟಲಿನ ನಿಯಮವನ್ನು ಅವರ ಮನೆಯ ಹುಡುಗರೂ ಪೂರೈಸಿದ್ದನ್ನು ನಾನು ಕಂಡಿಲ್ಲ. ಬಟ್ಟಲಿಗೆ ಒಂದೊಂದು ಚಮಚ ಬಡಿಸಿ ಲೆಕ್ಕ ತುಂಬಿಸುವ ಉಪಾಯವನ್ನು ಅಜ್ಜಿಯರೇ ಕಂಡುಹಿಡಿದಿದ್ದಾರೆ.

ಉಂಡೆಯೊಳಗಿನ ಮಾತು

ಗುತುಕ್‌ನ ಜೀವ ಸಾರಿನಲ್ಲಿ ಇಲ್ಲ. ಸಾರಿನೊಳಗೆ ಬೇಯುವ ಉಂಡೆಗಳಲ್ಲಿದೆ. ನಿಂಬೆಹಣ್ಣಿನ ಗಾತ್ರದ ಹಿಟ್ಟಿನ ಉಂಡೆ, ತಲೆಗೊಂದರಂತೆ. ಒಂದೊಂದರೊಳಗೂ ಒಂದೊಂದು ವಸ್ತು ಅಡಗಿರುತ್ತದೆ. ಯಾರ ಬಟ್ಟಲಿಗೆ ಯಾವುದು ಬೀಳುವುದೋ ತಿಳಿಯದು. ಉಂಡೆಯನ್ನು ಎಲ್ಲರೆದುರಿಗೆ ಒಡೆದು ತೋರಿಸಬೇಕು. ಉಣ್ಣೆಯ ಎಳೆ ಸಿಕ್ಕಿದರೆ ಮೃದುಹೃದಯಿ. ಇದ್ದಿಲು ಸಿಕ್ಕಿದರೆ ಮನಸ್ಸು ಕಪ್ಪು. ಮೆಣಸಿನಕಾಯಿ ಬಂದರೆ ಬಾಯಾಳಿ, ಉಪ್ಪು ಬಂದರೆ ಸೋಮಾರಿ, ಕಾಗದದ ಚೂರು ಬಂದರೆ ಓದಿನಲ್ಲಿ ಆಸಕ್ತ. ಹಿಟ್ಟಿನಲ್ಲಿಯೇ ಸೂರ್ಯನ ಆಕಾರ ಮಾಡಿ ಇಟ್ಟಿದ್ದರೆ ಅದು ಸಿಕ್ಕಿದವನಿಗೆ ಕೀರ್ತಿ. ಮನೆಯಿಂದ ಮನೆಗೆ ಅರ್ಥಗಳಲ್ಲಿ ಸ್ವಲ್ಪ ವ್ಯತ್ಯಾಸವುಂಟು. ಈಚೆಗೆ ವಸ್ತುವಿನ ಬದಲು ಅದರ ಹೆಸರು ಬರೆದ ಚೀಟಿಯನ್ನು ಮಡಚಿ ಇಡುವ ರೂಢಿಯೂ ಬಂದಿದೆ. ಆಮಾ-ಲಾ ಅದಕ್ಕೆ ಒಪ್ಪುವುದಿಲ್ಲ. ಇದ್ದಿಲಿನ ಮಸಿ ಕೈಗೆ ಅಂಟಬೇಕು ಎಂಬುದು ಆಕೆಯ ವಾದ.

ಇದು ಆಟವೇ. ಆದರೆ ವರ್ಷವೆಲ್ಲಾ ಹೇಳಲಾಗದ ಮಾತನ್ನು ಈ ಒಂದು ರಾತ್ರಿ ಹಿಟ್ಟಿನ ಉಂಡೆಯ ನೆಪದಿಂದ ಹೇಳಿ ನಗಬಹುದು. ಮಾವನಿಗೆ ಇದ್ದಿಲು ಬಂದರೆ ಸೊಸೆ ಬಾಯ್ತುಂಬ ನಗುತ್ತಾಳೆ. ಯಾರೂ ಅದನ್ನು ಅಗೌರವವೆನ್ನುವುದಿಲ್ಲ. ನಗೆಗೆ ಗುರಿಯಾದವನೂ ನಗಬೇಕು, ಇಲ್ಲದಿದ್ದರೆ ಇದ್ದಿಲೇ ನಿಜವಾಯಿತೆಂದು ಇನ್ನಷ್ಟು ನಗುತ್ತಾರೆ. ಆತ್ಮಪರೀಕ್ಷೆಯನ್ನು ಇಷ್ಟು ಹಗುರವಾಗಿ ನಡೆಸುವ ಇನ್ನೊಂದು ಹಬ್ಬವನ್ನು ನಾನು ಕಾಣೆ.

೨೦೨೫ರ ಆ ಶಿವರಾತ್ರಿಯಂದು ನಾನು ಉಪವಾಸವಿದ್ದೆ. ಆದರೂ ಹೋದೆ. ಉಂಡೆ ಇರುವುದು ಒಡೆದು ನೋಡುವುದಕ್ಕೆ, ತಿನ್ನುವುದಕ್ಕಲ್ಲ. ಆದ್ದರಿಂದ ನನ್ನ ವ್ರತಕ್ಕೂ ಅವರ ಪದ್ಧತಿಗೂ ಭಂಗ ಬರಲಿಲ್ಲ. ಮನೆಯಲ್ಲಿದ್ದವರು ಮೂವರೇ: ಆಮಾ-ಲಾ, ಮೈಸೂರಿನಲ್ಲಿ ಓದುತ್ತಿರುವ ಮೊಮ್ಮಗಳು, ನಾನು. ಉಂಡೆಗಳು ಮಾತ್ರ ಆರು. ಕೆನಡಾದಲ್ಲಿರುವ ಮಗನಿಗೊಂದು, ಅವನ ಹೆಂಡತಿಗೊಂದು, ಬೇರೊಂದು ದೇಶದಲ್ಲಿರುವ ಮಗಳಿಗೊಂದು. ನನಗೆ ಮೆಣಸಿನಕಾಯಿ ಬಂದಿತು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಮತ್ತೇನು ಬರಬೇಕು ಎಂದು ಹುಡುಗಿ ನಕ್ಕಳು. ಆಮೇಲೆ ಅವಳು ಫೋನು ಹಚ್ಚಿದಳು. ಅಲ್ಲಿ ಆಗ ಬೆಳಗಿನ ಹೊತ್ತು. ನನ್ನ ಹಳೆಯ ಶಿಷ್ಯ ದಪ್ಪ ಕೋಟು ತೊಟ್ಟು ಕೆಲಸಕ್ಕೆ ಹೊರಡುತ್ತಿದ್ದ. ಅವನು ನೋಡುತ್ತಿದ್ದಂತೆ ತಾಯಿ ಅವನ ಪಾಲಿನ ಉಂಡೆಯನ್ನು ಒಡೆದರು. ಒಡೆದು, ಅಂಗೈಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, "ಬಲ್" ಎಂದರು. ಬಲ್ ಎಂದರೆ ಉಣ್ಣೆ. ಮಗ ಸಂತೋಷದಿಂದ ನಕ್ಕ, ಎರಡು ಮಾತಾಡಿ ಹೊರಟ.

ಫೋನು ಇಟ್ಟ ಮೇಲೆ ಹುಡುಗಿ ಅಜ್ಜಿಯ ಕೈ ಹಿಡಿದು ಬಿಡಿಸಿದಳು. "ಮೇಷ್ಟ್ರೇ, ನೋಡಿ, ಇದ್ದಿಲು!" ಎಂದಳು. ಆಮಾ-ಲಾ ಕೈಯ ಮಸಿಯನ್ನು ಒರೆಸಿಕೊಳ್ಳುತ್ತ ಟಿಬೆಟಿನ ಭಾಷೆಯಲ್ಲಿ ಏನೋ ಹೇಳಿದರು. ಮೊಮ್ಮಗಳು ಅನುವಾದಿಸಿದಳು: "ಎದುರಿಗಿದ್ದಿದ್ದರೆ ಇದ್ದಿಲು ಅಂತಲೇ ಹೇಳುತ್ತಿದ್ದೆ. ಅಷ್ಟು ದೂರ ಇರುವವನಿಗೆ ಹೇಗೆ ಹೇಳಲಿ ಅನ್ನುತ್ತಾರೆ, ಮೋ-ಲಾ."

ನನಗೆ ನಮ್ಮ ತಾಯಂದಿರ ಕಾಗದಗಳು ನೆನಪಾದವು. ಮನೆಯಲ್ಲಿ ಏನೇ ಆಗಿರಲಿ, ದೂರದ ಮಗನಿಗೆ ಬರೆಯುವಾಗ ಮೊದಲ ಸಾಲು 'ಇಲ್ಲಿ ಎಲ್ಲರೂ ಕ್ಷೇಮ' ಎಂದೇ ಇರುತ್ತಿತ್ತು. ನಿಜವನ್ನು ಹೇಳಿ ನಗುವುದಕ್ಕೆ ಒಂದೇ ಒಲೆಯ ಸುತ್ತ ಕುಳಿತಿರಬೇಕು. ದೂರವಾದವರ ನಡುವೆ ಉಳಿಯುವುದು ಒಳ್ಳೆಯ ಮಾತು ಮಾತ್ರ.

ಮೂರು ದಾರಿ ಕೂಡುವಲ್ಲಿ

ಊಟ ಅಲ್ಲಿಗೆ ಮುಗಿಯುವುದಿಲ್ಲ. ಬಟ್ಟಲನ್ನು ಯಾರೂ ಬರಿದುಮಾಡುವಂತಿಲ್ಲ. ತಳದಲ್ಲಿ ಸ್ವಲ್ಪ ಸಾರನ್ನು ಉಳಿಸಬೇಕು. ಒಂದು ಹಳೆಯ ಪಾತ್ರೆಯಲ್ಲಿ ಹಿಟ್ಟಿನಿಂದ ಮಾಡಿದ ಒಂದು ಬೊಂಬೆಯನ್ನು ಕೂರಿಸಿರುತ್ತಾರೆ. ಕಳೆದ ವರ್ಷದ ಕೇಡೆಲ್ಲವೂ ಆ ಬೊಂಬೆ. ಉಳಿದ ಸಾರನ್ನು ಅದರ ಪಾತ್ರೆಗೆ ಸುರಿಯುತ್ತಾರೆ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಹಿಡಿ ಹಿಟ್ಟು ಕೊಡುತ್ತಾರೆ. ಮೈಯಲ್ಲಿ ಎಲ್ಲೆಲ್ಲಿ ನೋವಿದೆಯೋ ಅಲ್ಲಿಗೆಲ್ಲಾ ಅದನ್ನು ಒತ್ತಿ ಉಜ್ಜಬೇಕು. ಕೊನೆಗೆ ಮುಷ್ಟಿಯಲ್ಲಿ ಹಿಡಿದು ಹಿಚುಕಿದರೆ ಐದು ಬೆರಳುಗಳ ಗುರುತು ಬೀಳುತ್ತದೆ. ಹಾಗೆ ಗುರುತಾದ ಹಿಟ್ಟನ್ನು ಬೊಂಬೆಯ ಪಾದದ ಬಳಿ ಇಡುತ್ತಾರೆ. ಆಮಾ-ಲಾ ಮೊಣಕಾಲಿಗೆ ಬಹಳ ಹೊತ್ತು ಉಜ್ಜಿಕೊಂಡರು. ನಾನೂ ಸೊಂಟಕ್ಕೆ ಒತ್ತಿಕೊಂಡೆ.

ಆಗ ಒಬ್ಬರು ಹುಲ್ಲಿನ ಪಂಜು ಹಚ್ಚಿ, ಕೋಣೆಕೋಣೆಗೂ ಒಯ್ದು, "ಥೊನ್ ಶೋ ಮಾ!" ಎಂದು ಕೂಗುತ್ತಾರೆ. ಹೊರಗೆ ನಡೆ ಎಂದು ಅರ್ಥ. ಪಂಜಿನ ಹಿಂದೆ ಪಾತ್ರೆ ಹೊರಡುತ್ತದೆ. ದಾರಿಗಳು ಕೂಡುವ ಕಡೆ ಅದನ್ನು ಇಟ್ಟು, ಹಿಂದಿರುಗಿ ನೋಡದೆ ಬರಬೇಕು. ಕ್ಯಾಂಪಿನ ಎಲ್ಲ ಮನೆಗಳಿಂದಲೂ ಅದೇ ಹೊತ್ತಿಗೆ ಪಂಜುಗಳು ಹೊರಡುತ್ತವೆ. ಹುಡುಗರು ಪಟಾಕಿ ಸಿಡಿಸುತ್ತಾರೆ. ಮಗುವಿಗೆ ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುವ, ಮಾರಿಯನ್ನು ಊರ ಗಡಿಗೆ ಸಾಗಿಸುವ, ಮೂರು ದಾರಿ ಕೂಡುವಲ್ಲಿ ಇಟ್ಟ ಅನ್ನದ ಉಂಡೆಯನ್ನು ದಾಟದೆ ಬಳಸಿ ನಡೆಯುವ ನಮ್ಮ ಹಳ್ಳಿಯವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆದರೂ ಒಂದು ಅಂಶವನ್ನು ಗಮನಿಸಬೇಕು. ಕೇಡಿನ ಬೊಂಬೆಯನ್ನು ಅವರು ಕಡಿಯುವುದೂ ಇಲ್ಲ, ತುಳಿಯುವುದೂ ಇಲ್ಲ. ತಾವು ಉಂಡ ಸಾರನ್ನೇ ಅದಕ್ಕೂ ಬಡಿಸಿ, ದೀವಟಿಗೆಯ ಮರ್ಯಾದೆಯೊಡನೆ ದಾರಿಗೆ ಹಚ್ಚುತ್ತಾರೆ. ಹಸಿದ ಕೇಡು ಮರಳಿ ಬರುತ್ತದೆ, ಉಂಡ ಕೇಡು ಹೊರಟುಹೋಗುತ್ತದೆ ಎಂಬ ಭಾವನೆ ಇರಬಹುದು. ಬೌದ್ಧಧರ್ಮ ಟಿಬೆಟಿಗೆ ಹೋಗುವ ಮೊದಲೇ ಅಲ್ಲಿ ಇಂಥ ಆಚಾರಗಳಿದ್ದವು. ಧರ್ಮ ಅವುಗಳನ್ನು ಕಿತ್ತೆಸೆಯಲಿಲ್ಲ; ಅವುಗಳೊಳಗೆ ಕರುಣೆಯನ್ನು ಒಂದು ಪದಾರ್ಥವಾಗಿ ಬೆರೆಸಿತು. ಮಠಗಳಲ್ಲಿ ಇದೇ ದಿನಗಳಲ್ಲಿ ಭಿಕ್ಷುಗಳು 'ಛಾಮ್' ಎಂಬ ಮುಖವಾಡದ ನೃತ್ಯ ಮಾಡಿ ವರ್ಷದ ಕೇಡನ್ನು ಕಳೆಯುತ್ತಾರೆ. ಅಂಗಳದಲ್ಲಿ ಕಹಳೆ ಡೋಲುಗಳ ನಡುವೆ ನಡೆಯುವುದೂ ಅಡುಗೆಮನೆಯಲ್ಲಿ ನಡೆಯುವುದೂ ಒಂದೇ ಕಾರ್ಯ.

ಹೊಸ ವರ್ಷದ ತಟ್ಟೆ

ಲೋಸರ್ ಬೆಳಗ್ಗೆ ಮನೆಯ ಪೀಠದ ಮುಂದೆ ಕಾಣುವ ತಿಂಡಿಗಳದು ಇನ್ನೊಂದು ಲೋಕ. ಎಲ್ಲಕ್ಕೂ ಮೊದಲು ಕಣ್ಣಿಗೆ ಬೀಳುವುದು 'ಖಪ್ಸೆ'. ಮೈದಾಹಿಟ್ಟನ್ನು ಬೆಣ್ಣೆ, ಹಾಲು, ಸಕ್ಕರೆಗಳೊಡನೆ ಕಲಸಿ, ಬಗೆಬಗೆಯ ಆಕಾರ ಕೊಟ್ಟು ಕರಿದ ತಿಂಡಿ. ಹಬ್ಬಕ್ಕೆ ವಾರವಿರುವಾಗಲೇ ನೆರೆಹೊರೆಯವರು ಕೂಡಿ ಇದನ್ನು ಕರಿಯುತ್ತಾರೆ. ಅವುಗಳಲ್ಲಿ ದೊಡ್ಡದು, ಉದ್ದವಾಗಿ ಟೊಳ್ಳಾಗಿರುವುದು. ಅದಕ್ಕೆ 'ಕತ್ತೆಯ ಕಿವಿ' ಎಂಬ ಅರ್ಥದ ಹೆಸರು. ಆ ಕಿವಿಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಪೇರಿಸಿ, ಮೇಲೆ ಒಣಹಣ್ಣು, ಮಿಠಾಯಿಗಳನ್ನು ಇಡುತ್ತಾರೆ. ಪಕ್ಕದಲ್ಲಿ ಮೊಳಕೆ ಬಂದು ಹಸುರಾಗಿ ನಿಂತ ಪೈರಿನ ಬಟ್ಟಲು. ಕುರಿಯ ತಲೆಯೊಂದು. ಕುರಿಯ ತಲೆಗೂ ವರ್ಷದ ಮೊದಲಿಗೂ ಅವರ ಭಾಷೆಯಲ್ಲಿ ಉಚ್ಚಾರಣೆ ಸಮೀಪ. ಅದರಿಂದ ಅದು ಶುಭ. ಈಗ ಮಣ್ಣಿನಲ್ಲಿಯೋ ಬೆಣ್ಣೆಯಲ್ಲಿಯೋ ಮಾಡಿ ಬಣ್ಣ ಹಚ್ಚಿದ ತಲೆಯನ್ನು ಇಡುವುದೇ ಹೆಚ್ಚು.

ಇವೆಲ್ಲದರ ನಡುವೆ ಕೆತ್ತನೆಯ ಮರದ ಪೆಟ್ಟಿಗೆ, 'ಛೆಮಾರ್'. ಎರಡು ಅಂಕಣ. ಒಂದರಲ್ಲಿ ಬೆಣ್ಣೆ ಬೆರೆಸಿದ 'ತ್ಸಂಪಾ', ಇನ್ನೊಂದರಲ್ಲಿ ಹುರಿದ ಕಾಳು. ತ್ಸಂಪಾ ಎಂದರೆ ಹುರಿದ ಬಾರ್ಲಿಯ ಹಿಟ್ಟು. ನಮ್ಮ ರಾಗಿಯ ಹುರಿಹಿಟ್ಟಿಗೆ ಅಣ್ಣನೋ ತಮ್ಮನೋ ಆಗಬೇಕು. ಎರಡೂ ಬಡವನ ಬುತ್ತಿ. ಬೆಂಕಿಯಿಲ್ಲದ ಕಡೆಯೂ ಹೊಟ್ಟೆ ತುಂಬಿಸುವಂಥವು. ಬಂದ ಅತಿಥಿ ಒಂದು ಚಿಟಿಕೆ ತ್ಸಂಪಾ ತೆಗೆದು, ಬುದ್ಧ, ಧರ್ಮ, ಸಂಘಗಳಿಗೆಂದು ಮೂರು ಬಾರಿ ಮೇಲಕ್ಕೆ ಚಿಮ್ಮಿ, ಉಳಿದದ್ದನ್ನು ಬಾಯಿಗೆ ಹಾಕಿಕೊಂಡು "ಟಾಶಿ ದೆಲೆಕ್" ಎಂದು ಶುಭ ಕೋರಬೇಕು. ಆಮೇಲೆ ಬೆಣ್ಣೆ ಹಾಕಿದ ಉಪ್ಪಿನ ಚಹ, 'ದ್ರೆಸಿಲ್' ಎಂಬ ಸಿಹಿಯನ್ನ. ಅನ್ನಕ್ಕೆ ಬೆಣ್ಣೆ, ಸಕ್ಕರೆ, 'ದ್ರೋಮಾ' ಎಂಬ ಸಣ್ಣ ಗೆಡ್ಡೆ ಬೆರೆಸಿ ಮಾಡಿದ್ದು. ದ್ರೋಮಾ ಟಿಬೆಟಿನ ಹುಲ್ಲುಗಾವಲುಗಳ ನೆಲದಲ್ಲಿ ಅಗೆದು ತೆಗೆಯುವ ಗೆಡ್ಡೆ. ಅದು ಸಿಕ್ಕದಿದ್ದಾಗ ಒಣದ್ರಾಕ್ಷಿ ಹಾಕುತ್ತಾರೆ.

ಲೆಕ್ಕ ಹಾಕಿದರೆ ಈ ತಟ್ಟೆಯಲ್ಲಿ ಬದಲಾಗದೆ ಉಳಿದ ಪದಾರ್ಥ ಬಹಳ ಕಡಿಮೆ. ಬಾರ್ಲಿ ಬೈಲಕುಪ್ಪೆಯ ಹೊಲದಲ್ಲಿ ಬೆಳೆಯುವುದಲ್ಲ, ಅಂಗಡಿಯಿಂದ ಬರಬೇಕು. ಯಾಕ್ ಜಾತಿಯ ಹೆಣ್ಣಾದ 'ಡ್ರಿ'ಯ ಬೆಣ್ಣೆಯ ಜಾಗಕ್ಕೆ ನಮ್ಮ ಡೈರಿಯ ಬೆಣ್ಣೆ ಬಂದಿದೆ. ಲೋಸರ್‌ನ ಹಿಂದೆಯೇ ಬರುವ 'ಮೋನ್ಲಮ್' ಪ್ರಾರ್ಥನೋತ್ಸವದಲ್ಲಿಯೂ ಹಾಗೆಯೇ. ಬುದ್ಧನು ಶ್ರಾವಸ್ತಿಯಲ್ಲಿ ತೋರಿದ ಪವಾಡಗಳ ನೆನಪಿಗೆ ಮೊದಲ ತಿಂಗಳ ಹುಣ್ಣಿಮೆಯವರೆಗೆ ನಡೆಯುವ ಈ ಉತ್ಸವವನ್ನು ೧೪೦೯ರಲ್ಲಿ ಚೋಂಖಾಪಾ ಲ್ಹಾಸಾದಲ್ಲಿ ಸ್ಥಾಪಿಸಿದರು. ೧೪೧೯ರಲ್ಲಿ ಲ್ಹಾಸಾದ ಬಳಿ ಹುಟ್ಟಿದ ಸೆರಾ ಮಹಾಮಠ ಬೈಲಕುಪ್ಪೆಯಲ್ಲಿ ಮತ್ತೆ ನೆಲೆಗೊಂಡ ಮೇಲೆ ಮೋನ್ಲಮ್ ಪ್ರಾರ್ಥನೆ ಅಲ್ಲಿ ನಡೆಯುತ್ತದೆ. ಹುಣ್ಣಿಮೆಯ ರಾತ್ರಿಗೆಂದು ಭಿಕ್ಷುಗಳು ಬೆಣ್ಣೆಯಲ್ಲಿ ಹೂವು, ದೇವತೆಗಳ ಮೂರ್ತಿಗಳನ್ನು ತಿದ್ದುತ್ತಾರೆ. ಟಿಬೆಟಿನ ಚಳಿಯಲ್ಲಿ ಬೆಣ್ಣೆ ಕಲ್ಲಾಗುತ್ತಿತ್ತು. ಇಲ್ಲ ಸೆಕೆಗೆ ಕರಗುತ್ತದೆ. ಅದಕ್ಕೆ ಮೇಣವನ್ನೋ ವನಸ್ಪತಿಯನ್ನೋ ಬೆರೆಸಿ, ತಣ್ಣೀರಿನಲ್ಲಿ ಬೆರಳು ಅದ್ದಿ ಅದ್ದಿ ಕೆಲಸ ಮಾಡುತ್ತಾರೆ.

ಹೀಗೆ ಬೆಣ್ಣೆ ಬದಲಾಯಿತು, ಕಾಳು ಬದಲಾಯಿತು, ಗೆಡ್ಡೆಯ ಜಾಗಕ್ಕೆ ದ್ರಾಕ್ಷಿ ಬಂದಿತು. ಹಬ್ಬ ಕೆಡಲಿಲ್ಲ. ಮೊದಲ ಚಿಟಿಕೆ ಮೇಲಕ್ಕೆ ಹೋಗಬೇಕು, ಕೊನೆಯ ಗುಟುಕು ಕೇಡಿಗೆ ಉಳಿಯಬೇಕು. ಈ ಕ್ರಮ ಇರುವವರೆಗೆ ಯಾವ ನೆಲದ ಕಾಳಾದರೂ ಆದೀತು. ಪದ್ಧತಿಯೆಂಬುದು ಪದಾರ್ಥದಲ್ಲಿದೆ ಎಂದು ನಂಬಿ ಹೋರಾಡುವ ನಮ್ಮ ಮಡಿವಂತರು ಒಮ್ಮೆ ಈ ತಟ್ಟೆಯನ್ನು ನೋಡಿ ಬರುವುದು ಒಳ್ಳೆಯದು.

ತಿಂಡಿ ಕರಿಯದ ವರ್ಷಗಳು

ಹಬ್ಬವನ್ನೇ ಬಿಟ್ಟ ವರ್ಷಗಳೂ ಉಂಟು. ೨೦೦೮ರಲ್ಲಿ ಟಿಬೆಟಿನಲ್ಲಿ ನಡೆದ ಪ್ರತಿಭಟನೆಗಳಲ್ಲಿ ಸತ್ತವರಿಗಾಗಿ ಶೋಕಿಸಿ, ೨೦೦೯ರ ಲೋಸರ್ ಅನ್ನು ಟಿಬೆಟಿನ ಒಳಗೂ ಹೊರಗೂ ಬಹಳ ಜನ ಆಚರಿಸಲಿಲ್ಲ. ತಮ್ಮನ್ನೇ ಬೆಂಕಿಗೆ ಆಹುತಿ ಕೊಟ್ಟುಕೊಂಡವರ ಸುದ್ದಿಗಳು ಬರುತ್ತಿದ್ದ ೨೦೧೨ರಲ್ಲಿ, ಸಂಭ್ರಮ ಬೇಡ, ಪ್ರಾರ್ಥನೆ ಪೂಜೆಗಳಷ್ಟೇ ಇರಲಿ ಎಂದು ದೇಶಭ್ರಷ್ಟ ಟಿಬೆಟನ್ನರ ಆಡಳಿತವೇ ಕೇಳಿಕೊಂಡಿತು. ಆ ವರ್ಷಗಳಲ್ಲಿ ಖಪ್ಸೆ ಕರಿಯುವ ಎಣ್ಣೆಯ ವಾಸನೆ ಕ್ಯಾಂಪಿನಲ್ಲಿ ಇರಲಿಲ್ಲ, ಬೆಣ್ಣೆಯ ದೀಪಗಳಿದ್ದವು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ ಎಂಬುದು ನಮ್ಮ ರೂಢಿ. ಅವರಿಗೆ ಇಡೀ ನಾಡೇ ಒಂದು ಮನೆ. ತಿನ್ನುವುದು ಹೇಗೋ ಹಾಗೆ ತಿನ್ನದಿರುವುದೂ ಅವರ ಹಬ್ಬದ ಒಂದು ಭಾಷೆ.

ಇವೆಲ್ಲವನ್ನೂ ಆ ಜನ ತಾಳಿಕೊಂಡರು. ಈಗ ಬಂದಿರುವ ಕಷ್ಟ ಬೇರೆ ಬಗೆಯದು. ಓದಿದ ಮಕ್ಕಳು ಕೆನಡಾ, ಅಮೆರಿಕ, ಯೂರೋಪುಗಳಿಗೆ ಹೋಗುತ್ತಿದ್ದಾರೆ. ಒಮ್ಮೆ ದೇಶ ಕಳೆದುಕೊಂಡವರ ಮಕ್ಕಳು ಎರಡನೆಯ ಬಾರಿ ಚದರುತ್ತಿದ್ದಾರೆ. ಈ ಬಾರಿ ಓಡಿಸುವವರು ಯಾರೂ ಇಲ್ಲ, ತಾವಾಗಿಯೇ ಹೋಗುತ್ತಿದ್ದಾರೆ. ಅವರನ್ನು ತಪ್ಪೆನ್ನುವಂತಿಲ್ಲ. ನಮ್ಮ ಹಳ್ಳಿಗಳಲ್ಲಿಯೂ ಗೌರಿಹಬ್ಬಕ್ಕೆ ಬಾಗಿನ ಕೊಡುವ ತಾಯಿಯಿದ್ದಾಳೆ, ತೆಗೆದುಕೊಳ್ಳಬೇಕಾದ ಮಗಳು ಸಮುದ್ರದಾಚೆ ಇದ್ದಾಳೆ. ಬಾರ್ಲಿಗೆ ಬದಲಿ ಗೋಧಿ ಸಿಕ್ಕಿತು. ಒಲೆಯ ಸುತ್ತ ಕುಳಿತು ಇದ್ದಿಲನ್ನು ಇದ್ದಿಲೆಂದು ಹೇಳಿಸಿಕೊಂಡು ನಗುವವರಿಗೆ ಬದಲಿ ಏನು ಸಿಕ್ಕೀತು?

ಆ ರಾತ್ರಿ ಪಾತ್ರೆಯನ್ನು ದಾರಿಗೆ ಒಯ್ದವಳು ಮೊಮ್ಮಗಳು. ಪಂಜು ನನ್ನ ಕೈಯಲ್ಲಿತ್ತು. ಅದನ್ನು ಹಿಡಿಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೂಗನ್ನು ಸರಿಯಾಗಿ ಕೂಗಬೇಕೆಂದು ಆಮಾ-ಲಾ ಬಾಗಿಲಲ್ಲಿ ನಿಂತು ಎರಡು ಬಾರಿ ನನ್ನ ಉಚ್ಚಾರಣೆಯನ್ನು ತಿದ್ದಿದರು. ಶಿವರಾತ್ರಿಯ ಕತ್ತಲು, ನಕ್ಷತ್ರ ತುಂಬಿದ ಆಕಾಶ. ಬೇರೆ ಬೀದಿಗಳಿಂದಲೂ ಪಂಜುಗಳು ಬಂದು ದಾರಿ ಕೂಡುವಲ್ಲಿ ಸೇರುತ್ತಿದ್ದವು. ನಾನು ಎಣಿಸಿದೆ, ಹಿಂದಿನ ವರ್ಷಗಳಿಗಿಂತ ಕಡಿಮೆಯಿದ್ದವು. ಆದರೂ ಇದ್ದವು. ಬರುವ ವರ್ಷದ ಉಂಡೆಗಳ ಹಿಟ್ಟನ್ನು ತಾನೇ ನಾದುತ್ತೇನೆಂದು ಹುಡುಗಿ ದಾರಿಯಲ್ಲಿ ಹೇಳಿದಳು. ಎಷ್ಟು ಉಂಡೆ ಎಂದು ನಾನು ಕೇಳಿದೆ. "ಆರೇ" ಎಂದಳು, "ಅಪ್ಪ ಬರಲಿ ಬಿಡಲಿ, ಆರೇ."